ಮೀನುಪೆಟ್ಟಿಗೆಯ ನೀರು

ಅತ್ತೆಯ ಅಸ್ಥಿ ಬಿಡಲು ಸೇವಂತಿಯೂ ದೋಣಿ ಹತ್ತುತ್ತಾಳೆ ಎಂಬುದು ಬಾವ ದೇವಾನಂದನಿಗೆ ಸರಿಬರಲಿಲ್ಲ. ಅದನ್ನು ಅವನು ನೇರವಾಗಿ ಹೇಳಲಿಲ್ಲ, ತನ್ನ ಹೆಂಡತಿಯ ಬಾಯಲ್ಲಿ ಹೇಳಿಸಿದ. ಮದುವೆಯಾಗಿ ಅವಳು ಗೋರೆಗಾಂವ್‌ನ ಮನೆಗೆ ಬಂದು ಇಷ್ಟು ವರ್ಷಗಳಾದರೂ ಗಂಡನ ಅಣ್ಣ ಅವಳೆದುರು ಕೂತು ಊಟ ಮಾಡಿದವನಲ್ಲ. ಅವಳು ಹಾಲ್‌ಗೆ ಬಂದರೆ ಟಿವಿಯ ಸದ್ದು ಕಡಿಮೆ ಮಾಡಿ ಎದ್ದು ಬಾಲ್ಕನಿಗೆ ಹೋಗುತ್ತಿದ್ದ. ಅದು ಸಿಟ್ಟಲ್ಲ. ತಮ್ಮನ ಹೆಂಡತಿಯ ಎದುರು ಹೀಗೆಯೇ ಇರಬೇಕು ಎಂದು ಅವನು ಕಲಿತಿದ್ದ, ಅಷ್ಟೆ.

ಆದರೆ ದೋಹಾದ ಹೋಟೆಲಿನಲ್ಲಿದ್ದ ಅವಳ ಗಂಡ ಹಿತೇಶನಿಗೆ ರಜೆ ಸಿಗಲಿಲ್ಲ. ಅವನು ಅಣ್ಣನಿಗೆ ಫೋನ್ ಮಾಡಿ ಹೇಳಿದ, "ನನ್ನ ಬದಲಿಗೆ ಅವಳು ಬರ್ಲಿ. ಅಮ್ಮ ಮಲಗಿದಲ್ಲೇ ಇದ್ದಾಗ ಎಲ್ಲ ಬಾಚಿದ್ದು ಯಾರು? ನೀನಾ, ನಾನಾ?"

ಸೇವಂತಿ ಪರೇಲ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ದೇವಾನಂದ ಸಾಂತಾಕ್ರೂಜ್‌ನಲ್ಲಿ ಮೀನೂಟಕ್ಕೆ ಹೆಸರಾದ ಒಂದು ಹೋಟೆಲಿನ ಮ್ಯಾನೇಜರ್. ಬೆಳಿಗ್ಗೆ ಬಂದ ಮೀನಿನ ಕಿವಿರು ಎತ್ತಿ ಮೂಸಿ ನೋಡದೆ ಅಡಿಗೆಮನೆಯ ಒಳಗೆ ಬಿಡುವವನಲ್ಲ. ದಿನಕ್ಕೆ ಎರಡು ಸಲ ಅಂಗಿ ಬದಲಿಸುವ ಮನುಷ್ಯ. ಆ ಹೋಟೆಲಿಗೆ ಮೀನು ಹಾಕುತ್ತಿದ್ದವನು ದೂಜ. ಮಲ್ಪೆಯವನು, ಹರೆಯದಲ್ಲೇ ವರ್ಸೋವಾಕ್ಕೆ ಬಂದು ಬೇರೆಯವರ ದೋಣಿಗಳಲ್ಲಿ ದುಡಿದು, ಈಗ ತಲೆ ನರೆತ ಮೇಲೆ ತನ್ನದೇ ಒಂದು ಸಣ್ಣ ಫೈಬರ್ ದೋಣಿ ಮಾಡಿಕೊಂಡಿದ್ದ. "ದೇವಾನಂದಣ್ಣನ ಅಮ್ಮ ಅಂದ್ರೆ ನಮಗೂ ಅಮ್ಮನೇ ಅಲ್ವಾ, ದೋಣಿ ನಾನು ತರ್ತೇನೆ" ಎಂದು ಅವನೇ ಮುಂದೆ ಬಂದಿದ್ದ.

ಅದು ದಸರೆಯ ಮರುದಿನ. ವರ್ಸೋವಾ ಜೆಟ್ಟಿಯಲ್ಲಿ ಹೆಚ್ಚಿನ ದೋಣಿಗಳು ಬಾಡಿದ ಚೆಂಡುಹೂವಿನ ಮಾಲೆ ಹಾಕಿಕೊಂಡು ಸುಮ್ಮನೆ ನಿಂತಿದ್ದವು. ಊರೊಳಗೆ ಚಾಚಿದ ಕಡಲಿನ ಖಾಡಿಯ ಬಾಯಿಗೆ ಬಂದಾಗ ದೂಜ ಎಂಜಿನ್ ನಿಧಾನ ಮಾಡಿ, "ಇಲ್ಲಿ ಬಿಡುವನಾ?" ಎಂದು ಕೇಳಿದ. ನೀರಿನ ಮೇಲೆ ಎಣ್ಣೆಪಸೆ, ಹಾಲಿನ ಪ್ಯಾಕೆಟ್ಟುಗಳು, ಯಾರದೋ ಚಪ್ಪಲಿ. ದೇವಾನಂದ ಮೂಗಿಗೆ ಕರವಸ್ತ್ರ ಒತ್ತಿಕೊಂಡ.

"ಅಮ್ಮನನ್ನು ಈ ಗಲೀಜಿಗೆ ಹಾಕುದಾ? ನೀರು ಕ್ಲೀನ್ ಆಗುವಲ್ಲಿವರೆಗೆ ಹೋಗುವ ಮಾರಾಯ."

ಹೋದರು. ಕಟ್ಟಡಗಳು ಒಂದೊಂದಾಗಿ ತಗ್ಗಿ ಕೊನೆಗೆ ಮಸುಕಾದ ಒಂದು ಗೆರೆ ಉಳಿಯಿತು. ನೀರು ಹಸಿರಾಯಿತು, ಆಮೇಲೆ ನೀಲಿ. ಅಲ್ಲಿ ದೇವಾನಂದ ಮಡಕೆಯನ್ನು ಕೆಂಪು ಬಟ್ಟೆಯ ಸಮೇತ ನೀರಿಗಿಳಿಸಿದ. ಸೇವಂತಿ ಹಾಲು ಬಿಟ್ಟಳು, ತೆಂಗಿನಕಾಯಿ ತೇಲಿಬಿಟ್ಟಳು. ಹಿತೇಶನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಬೇಕೆಂದು ದೇವಾನಂದ ಬರುತ್ತ ಹೋಗುತ್ತಿದ್ದ ಸಿಗ್ನಲ್ಲಿಗೆ ಮತ್ತೆ ಮತ್ತೆ ಪ್ರಯತ್ನಿಸಿ ಫೋನಿನ ಚಾರ್ಜು ಮುಗಿಸಿಕೊಂಡ.

ಹಿಂದಿರುಗುವಾಗ ತೇಲಿಬಂದ ಒಂದು ಹರಿದ ಬಲೆ ಎಂಜಿನ್ನಿನ ಕೆಳಗೆ ನೀರಿನಲ್ಲಿ ತಿರುಗುವ ಫ್ಯಾನಿಗೆ ಸುತ್ತಿಕೊಂಡಿತು. ದೂಜ ಎಂಜಿನ್ ಮೇಲೆತ್ತಿ, ಬಾಗಿ, ಚೂರಿಯಿಂದ ಬಲೆಯನ್ನು ಕೊಯ್ದು ತೆಗೆದ. ಮತ್ತೆ ಚಾಲೂ ಮಾಡಿದಾಗ ಒಳಗೆ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು ಬಂತು. ಎಂಜಿನ್ ಓಡುತ್ತಿತ್ತು, ಫ್ಯಾನ್ ತಿರುಗುತ್ತಿರಲಿಲ್ಲ.

"ಗೇರ್ ಹೋಯ್ತು" ಎಂದ ದೂಜ. ಹೆದರಿದವನಂತೆ ಕಾಣಲಿಲ್ಲ. ಲಂಗರು ಬಿಟ್ಟು, "ಯಾರಾದ್ರೂ ಬರ್ತಾರೆ, ಎಳ್ಕೊಂಡು ಹೋಗ್ತಾರೆ" ಎಂದು ಬೀಡಿ ಹಚ್ಚಿದ. ಅವನ ಫೋನ್ ಮನೆಯಲ್ಲಿ ಚಾರ್ಜಿಗಿತ್ತು. ಸೇವಂತಿ ದೋಣಿಯ ಮೂತಿಯಲ್ಲಿ ನಿಂತು ತನ್ನ ಫೋನನ್ನು ಎತ್ತಿ ಹಿಡಿದು ಸಿಗ್ನಲ್ ಹುಡುಕಿದಳು. ಯಾರೂ ಬರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ನೆಲದ ಕಡೆಯಿಂದ ಗಾಳಿ ಎದ್ದಿತು, ದೋಣಿ ಹಗ್ಗವನ್ನು ಜಗ್ಗತೊಡಗಿತು. ಹಳೆಯ ಹಗ್ಗ. ಅದು ತುಂಡಾದ ಏಟಿಗೆ ದೋಣಿ ಒಂದು ಬದಿಗೆ ವಾಲಿತು, ಸೇವಂತಿ ದೋಣಿಯ ಅಂಚನ್ನು ಹಿಡಿದು ಉಳಿದಳು, ಫೋನ್ ಉಳಿಯಲಿಲ್ಲ.

ಆಗ ದೂಜನ ಮುಖ ನೋಡಿ ಅವಳಿಗೆ ಮೊದಲ ಸಲ ಹೆದರಿಕೆಯಾಯಿತು. ಅವನು ಇದ್ದ ಒಂದೇ ಹುಟ್ಟನ್ನು ತೆಗೆದು ನೀರಿಗೆ ಹಾಕಿ ಉಸಿರು ಕಟ್ಟುವವರೆಗೆ ಎಳೆದ. ಕರಾವಳಿಯ ಗೆರೆ ಹತ್ತಿರವಾಗಲಿಲ್ಲ. ಕತ್ತಲಾದಾಗ ಊರಿನ ದೀಪಗಳ ಬೆಳಕು ಆಕಾಶದ ಅಂಚಿನಲ್ಲಿ ಕೆಂಪಗೆ ಕಂಡಿತು. ಬೆಳಗಾದಾಗ ಸುತ್ತಲೂ ನೀರು ಬಿಟ್ಟರೆ ಏನೂ ಇರಲಿಲ್ಲ.

ಕುಡಿಯುವ ನೀರಿದ್ದದ್ದು ಒಂದು ಕ್ಯಾನಿನಲ್ಲಿ, ಅದೂ ಅರ್ಧ. ಅದನ್ನು ಸೇವಂತಿ ತನ್ನ ಕಾಲಸಂದಿಯಲ್ಲಿ ಇಟ್ಟುಕೊಂಡಳು. "ಮುಚ್ಚಳದಲ್ಲಿ ಕೊಡ್ತೇನೆ. ಕೇಳ್ಬೇಡಿ, ಹೊತ್ತಾದಾಗ ನಾನೇ ಕೊಡ್ತೇನೆ" ಎಂದಳು. ದೂಜ ತಲೆಯಾಡಿಸಿದ. ಅವನು ಟಾರ್ಪಾಲನ್ನು ಕಟ್ಟಿ ನೆರಳು ಮಾಡಿದ. ಬಟ್ಟೆಗಳನ್ನು ಕಡಲಿನಲ್ಲಿ ಅದ್ದಿ ಹಿಂಡಿ ಮೈಗೆ ಹಾಕಿಕೊಳ್ಳಿ ಎಂದ. ಬೆವರು ಹೋಗದಿದ್ದರೆ ಬಾಯಾರಿಕೆ ತಡೆದುಕೊಳ್ಳಬಹುದು ಎಂಬುದು ಅವನ ಅನುಭವ. ಒದ್ದೆ ಸೀರೆ ಅಕ್ಟೋಬರಿನ ಬಿಸಿಲಿಗೆ ನೋಡನೋಡುತ್ತಿದ್ದಂತೆ ಒಣಗಿ ಉಪ್ಪಿನ ಹುಡಿಯಾಗುತ್ತಿತ್ತು. ಕುತ್ತಿಗೆ, ಕಂಕುಳು, ತೊಡೆಯ ಸಂದಿ ಎಲ್ಲ ಕಿತ್ತುಹೋದಂತೆ ಉರಿಯುತ್ತಿತ್ತು. ಆದರೂ ಮತ್ತೆ ಅದ್ದುತ್ತಿದ್ದಳು.

ದೇವಾನಂದ ಮೊದಲ ದಿನದಿಂದಲೇ ವಾಂತಿ ಮಾಡುತ್ತಿದ್ದ. ಮೀನಿನ ಹೋಟೆಲು ನಡೆಸಿದವನಿಗೆ ಕಡಲಿನ ತೂಗಾಟ ಗೊತ್ತಿರಲಿಲ್ಲ. ದೋಣಿಯ ಬದಿಗೆ ಗಲ್ಲ ಊರಿ, ನೀರನ್ನು ನೋಡದಿರಲು ಕಣ್ಣು ಮುಚ್ಚಿಕೊಂಡು, ಪ್ರತಿ ಸಲವೂ ಸೇವಂತಿಗೆ ಬೆನ್ನು ತಿರುಗಿಸಿ ಕಾರಿಕೊಳ್ಳುತ್ತಿದ್ದ. ಮುಚ್ಚಳದ ನೀರು ಒಳಗೆ ಹೋದಷ್ಟೇ ಬೇಗ ಹೊರಗೆ ಬರುತ್ತಿತ್ತು. ಹಾಗೆ ಹೋದ ಒಂದೊಂದು ಮುಚ್ಚಳವನ್ನೂ ದೂಜ ಕಣ್ಣಿನಲ್ಲೇ ಹಿಂಬಾಲಿಸುವುದನ್ನು ಅವಳು ಗಮನಿಸಿದಳು.

ದೂರದಲ್ಲಿ ಹಡಗುಗಳು ಹೋದವು. ಒಂದು ಎಷ್ಟು ಹತ್ತಿರ ಬಂತೆಂದರೆ ಅದರ ಮೇಲಿನ ಪೆಟ್ಟಿಗೆಗಳ ಬಣ್ಣ ಕಾಣುತ್ತಿತ್ತು. ಮೂವರೂ ಕೂಗಿದರು, ಸೇವಂತಿ ಟಾರ್ಪಾಲು ಬೀಸಿದಳು. ಹಡಗು ಎಲ್ಲೂ ನಿಲ್ಲದೆ ಹೋಯಿತು. ಅದು ಎಬ್ಬಿಸಿದ ಅಲೆ ಬಂದು ದೋಣಿಯನ್ನು ಎತ್ತಿ ಹಾಕಿತು. ಇನ್ನೊಮ್ಮೆ ಆಕಾಶದ ತುದಿಯಲ್ಲಿ ಹೆಲಿಕಾಪ್ಟರಿನ ಸದ್ದು ಕೇಳಿಸಿ ಅಲ್ಲೇ ಕರಗಿತು. ಹುಡುಕುತ್ತಿದ್ದಾರೆ, ಆದರೆ ತಾವು ಇಲ್ಲದ ಕಡೆ ಹುಡುಕುತ್ತಿದ್ದಾರೆ ಎಂದು ಅವರಿಗೆ ಅರ್ಥವಾಯಿತು.

ಸೇವಂತಿಗೆ ಆ ತೆಂಗಿನಕಾಯಿಯ ನೆನಪು ಬಿಡುತ್ತಿರಲಿಲ್ಲ. ತಾನೇ ಎರಡು ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟ ಕಾಯಿ. ಎತ್ತಿದಾಗ ಒಳಗೆ ಕುಲುಕಿದ ನೀರಿನ ಸದ್ದು ಕಿವಿಯಲ್ಲಿತ್ತು.

ಕ್ಯಾನು ಖಾಲಿಯಾಗುತ್ತ ಬಂದಾಗ ದೂಜ ಗಾಳ ಹಾಕಿದ. ನಿಂತ ದೋಣಿಯ ನೆರಳಿಗೆ ಸಣ್ಣ ಮೀನುಗಳು ಬಂದು ಸೇರಿದ್ದವು. ಮೂತಿಯಲ್ಲಿದ್ದ ಮೀನುಪೆಟ್ಟಿಗೆಯ ತಳದಲ್ಲಿ ಗಾಳಕ್ಕೆಂದು ಎಂದೋ ಇಟ್ಟಿದ್ದ ಮೀನಿನ ತುಂಡುಗಳು ಕೊಳೆಯುತ್ತಿದ್ದವು. ಅದರಲ್ಲೇ ಒಂದನ್ನು ಸಿಕ್ಕಿಸಿದ. ಅಂಗೈಯಗಲದ ಮೀನು ಬಂತು. ಅವನು ಅದರ ಕಣ್ಣನ್ನು ಹೆಬ್ಬೆರಳಿನಿಂದ ತೆಗೆದು ಸೇವಂತಿಗೆ ನೀಡಿದ.

"ಚೀಪಿ ಸಿಸ್ಟರ್. ಉಪ್ಪಿರುದಿಲ್ಲ."

ಅವಳು ಬಾಯಿಗೆ ಹಾಕಿಕೊಂಡಳು. ನಾಲಗೆಯ ಮೇಲೆ ಅದು ಒಡೆದಾಗ ಒಂದು ಹನಿ, ಎರಡು ಹನಿ. ನಿಜವಾಗಿಯೂ ಉಪ್ಪಿರಲಿಲ್ಲ. ಉಳಿದ ಮಾಂಸವನ್ನು ಅವಳು ಕೊಚ್ಚಿ, ಸೆರಗಿನ ತುಂಡಿನಲ್ಲಿ ಕಟ್ಟಿ, ಇಬ್ಬರೂ ಎರಡು ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿದರು. ಲೋಟದ ತಳ ಮುಚ್ಚುವಷ್ಟು ಮಂದ ರಸ ಇಳಿಯಿತು. ದೇವಾನಂದನ ತುಟಿಗೆ ಇಟ್ಟಾಗ ಅವನು ಮೂಗಿನಲ್ಲೇ ಅದನ್ನು ಗುರುತಿಸಿ ಮುಖ ತಿರುಗಿಸಿದ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಮೈ ಹಿಂಡಿ ಹಿಂಡಿ ಓಕರಿಸಿದ. ಅವಳು ಒತ್ತಾಯಿಸಲಿಲ್ಲ.

ಬೆಳಗಿನ ಜಾವ ಟಾರ್ಪಾಲಿನ ಮೇಲೆ ಇಬ್ಬನಿ ಕೂರುತ್ತಿತ್ತು. ಅದನ್ನು ಬಟ್ಟೆಯಲ್ಲಿ ಒರೆಸಿ ಹೀರುವುದೂ ಅಭ್ಯಾಸವಾಯಿತು. ಹಾಗೆ ಒಂದು ಬೆಳಿಗ್ಗೆ ಒರೆಸುತ್ತಿದ್ದಾಗ ಅವಳು ನೋಡಿದಳು: ದೂಜ ಹಿಂಬದಿಯಲ್ಲಿ ಅವಳಿಗೆ ಬೆನ್ನು ಹಾಕಿ ಕೂತು, ಕೈ ಬೊಗಸೆ ಮಾಡಿ ನೀರಿಗೆ ಅದ್ದಿ ಬಾಯಿಗೆ ತರುತ್ತಿದ್ದ. ಅವನ ಗಂಟಲು ಮೇಲೆ ಕೆಳಗೆ ಆಡಿತು.

"ದೂಜಣ್ಣ! ಎಂತ ಮಾಡ್ತಾ ಇದ್ದೀರಿ?"

"ಒಣಗಿದ ಬಾಯಿ ಚಂಡಿ ಮಾಡಿದ್ದು ಮಾತ್ರ."

"ನುಂಗಿದ್ದನ್ನು ನಾನು ನೋಡಿದೆ."

ಅವನು ಒದ್ದೆ ಅಂಗೈಯನ್ನು ಲುಂಗಿಗೆ ಒರೆಸಿಕೊಂಡ. ಆಮೇಲೆ ತಪ್ಪು ಮಾಡಿದ ಮಗುವಿನಂತೆ ಹೇಳಿದ, "ನನಗೆ ಶುಗರ್ ಉಂಟು ಸಿಸ್ಟರ್. ಗುಳಿಗೆ ಮನೆಯಲ್ಲಿ ಉಂಟು. ಬಾಯಾರಿಕೆ ಅಂದ್ರೆ ನಿಮ್ಮ ಬಾಯಾರಿಕೆ ಅಲ್ಲ ಇದು. ಒಳಗೆ ಬೆಂಕಿ."

ಈ ಮನುಷ್ಯ ಎಷ್ಟು ಸಲ ಮೂತ್ರಕ್ಕೆ ಎದ್ದು ಹೋಗುತ್ತಿದ್ದಾನೆ ಎಂದು ಸೇವಂತಿ ನೋಡಿಯೂ ಯೋಚಿಸಿರಲಿಲ್ಲ. "ಅದನ್ನು ಕುಡಿದ್ರೆ ಬೆಂಕಿ ಜಾಸ್ತಿ ಆಗ್ತದೆ. ಮೈಯಲ್ಲಿರುವ ನೀರನ್ನೂ ಅದು ಎಳ್ಕೊಂಡು ಹೋಗ್ತದೆ. ತಲೆ ಕೆಡ್ತದೆ ದೂಜಣ್ಣ. ನಿಮಗೆ ಗೊತ್ತಿಲ್ವಾ?"

"ಗೊತ್ತುಂಟು. ಸಣ್ಣ ಇರುವಾಗಲೇ ಗೊತ್ತುಂಟು" ಎಂದ ದೂಜ. ಅವನ ಕಣ್ಣು ಮತ್ತೆ ನೀರಿನ ಕಡೆಗೇ ಹೋಯಿತು.

ಅವತ್ತಿನಿಂದ ಅವಳಿಗೆ ಕಡಲಿಗಿಂತ ದೂಜನ ಬೆನ್ನಿನ ಹೆದರಿಕೆ ಹೆಚ್ಚಾಯಿತು. ಅವನು ಆ ಕಡೆ ತಿರುಗಿ ಕೂತಾಗಲೆಲ್ಲ ಅವನ ಕೈಗಳು ಕಾಣುವಂತೆ ಅವಳು ಜಾಗ ಬದಲಿಸುತ್ತಿದ್ದಳು.

ಅದೇ ದಿನ ಮಧ್ಯಾಹ್ನ ಪೂರ್ವದ ಕಡೆ ಮೋಡ ಕಪ್ಪಗೆ ಎದ್ದಿತು. ಮಿಂಚು ನೀರಿಗೇ ಇಳಿಯುವುದನ್ನು ಅವರು ಕಣ್ಣಾರೆ ಕಂಡರು. ಬಯಲಿನಂಥ ಆ ಕಡಲಿನಲ್ಲಿ ಎದ್ದು ನಿಂತಿದ್ದದ್ದು ತಮ್ಮ ದೋಣಿ ಒಂದೇ. ಬರಲಿ ಎಂದು ಬೇಡಬೇಕೋ ಬರಬಾರದು ಎಂದು ಬೇಡಬೇಕೋ ತಿಳಿಯದೆ ಸೇವಂತಿ ಟಾರ್ಪಾಲಿನ ಒಂದು ಮೂಲೆ ಹಿಡಿದು ಬಗ್ಗಿ ಕೂತಳು. ಮಳೆ ಬಂತು. ಮೊದಲ ನೀರು ಟಾರ್ಪಾಲಿನ ಉಪ್ಪನ್ನು ತೊಳೆದುಕೊಂಡು ಹೋಗಲಿ ಎಂದು ಚೆಲ್ಲಿದರು; ಹಾಗೆ ಚೆಲ್ಲುವಾಗ ದೂಜ ಗಟ್ಟಿಯಾಗಿ ಅತ್ತುಬಿಟ್ಟ. ಆಮೇಲೆ ಕ್ಯಾನು, ಬಾಟಲಿ, ಹಾಲಿನ ತಂಬಿಗೆ ಹಿಡಿದರು. ಗಾಳಿ ಟಾರ್ಪಾಲನ್ನು ಕಿತ್ತು ಕಿತ್ತು ಎಳೆಯುತ್ತಿತ್ತು, ತುಂಬಿದ್ದರಲ್ಲಿ ಅರ್ಧ ಚೆಲ್ಲಿ ಹೋಗುತ್ತಿತ್ತು. ದೂಜ ಒಂದು ಇಡೀ ಬಾಟಲಿಯನ್ನು ಉಸಿರೆತ್ತದೆ ಕುಡಿದು ಆಕಾಶಕ್ಕೆ ಮುಖ ಮಾಡಿ ನಕ್ಕ. ಎಲ್ಲ ಸೇರಿ ಒಂದು ಕ್ಯಾನಿನ ಅರ್ಧ ತುಂಬುವುದರೊಳಗೆ ಮೋಡ ದಾಟಿ ಹೋಯಿತು.

ಮೀನುಪೆಟ್ಟಿಗೆಯ ಮುಚ್ಚಳ ಗಾಳಿಗೆ ಹಾರಿ ಅದರಲ್ಲೂ ನೀರು ನಿಂತಿತ್ತು. ಕೊಳೆತ ತುಂಡುಗಳು, ಹಳೆಯ ರಕ್ತ, ಚಿಪ್ಪು, ಎಲ್ಲ ಬೆರೆತು ಕಂದು ಬಣ್ಣದ ನೀರು. ದೂಜ ಅದನ್ನು ಚೆಲ್ಲಲು ಹೋದ. "ಇರ್ಲಿ" ಎಂದಳು ಸೇವಂತಿ. ಏಕೆ ಎಂದು ಆಗ ಅವಳಿಗೂ ಗೊತ್ತಿರಲಿಲ್ಲ. ನೀರನ್ನು ಚೆಲ್ಲುವುದನ್ನು ಇನ್ನೊಮ್ಮೆ ನೋಡಲು ಅವಳಿಂದ ಆಗುತ್ತಿರಲಿಲ್ಲ.

ದೇವಾನಂದನಿಗೆ ಮಳೆಯ ನೀರೂ ನಿಲ್ಲಲಿಲ್ಲ. ಲೋಟದಲ್ಲಿ ಕೊಟ್ಟರೂ ಕಾರಿದ, ಬೆರಳಿನಲ್ಲಿ ತುಟಿಗೆ ಸವರಿದರೂ ಕಾರಿದ. ಮರುದಿನ ಅವನ ಕಣ್ಣುಗಳು ಗುಳಿಬಿದ್ದಿದ್ದವು. ಮುಂಗೈಯ ಚರ್ಮವನ್ನು ಚಿವುಟಿ ಬಿಟ್ಟರೆ ಅದು ಹಾಗೇ ನಿಲ್ಲುತ್ತಿತ್ತು. ನಾಡಿ ದಾರದ ಹಾಗೆ ಸಪೂರ, ಓಡುತ್ತಿತ್ತು. ಹಿಂದಿನ ದಿನದಿಂದ ಮೂತ್ರ ಹೋಗಿರಲಿಲ್ಲ. ಇಂಥ ನಾಡಿಯನ್ನು ಅವಳು ವಾರ್ಡಿನಲ್ಲಿ ಹಿಡಿದು ನೋಡಿದ್ದಳು. ಅಲ್ಲಾದರೆ ಓಡಿಹೋಗಿ ಸಲೈನ್ ಹಚ್ಚುತ್ತಿದ್ದಳು. ಇಲ್ಲಿ ಸೂಜಿಯಿಲ್ಲ, ಸಲೈನ್ ಇಲ್ಲ. ಬಾಯಿಯ ದಾರಿ ಮುಚ್ಚಿದೆ.

ಇನ್ನೊಂದು ದಾರಿ ಇದೆ ಎಂಬುದು ಅವಳಿಗೆ ಉಡುಪಿಯ ನರ್ಸಿಂಗ್ ಶಾಲೆಯ ಪಾಠದಲ್ಲಿ ಒಂದೆರಡು ಸಾಲಾಗಿ ಬಂದಿತ್ತು. ಸಲೈನ್ ಸಿಗದ ಕಾಲದಲ್ಲಿ ಹಿಂಬದಿಯಿಂದ ನಿಧಾನವಾಗಿ ನೀರು ಬಿಡುತ್ತಿದ್ದರಂತೆ, ದೊಡ್ಡಕರುಳು ಅದನ್ನು ಹೀರಿಕೊಳ್ಳುತ್ತದಂತೆ. ಹುಡುಗಿಯರೆಲ್ಲ ಮುಸಿಮುಸಿ ನಕ್ಕಿದ್ದರು. ಎನಿಮಾ ಅವಳು ಲೆಕ್ಕವಿಲ್ಲದಷ್ಟು ಕೊಟ್ಟಿದ್ದಳು. ಆದರೆ ಅದು ಹೊರಗೆ ತೆಗೆಯಲು. ಒಳಗೆ ಉಳಿಸಲು ಎಂದೂ ಕೊಟ್ಟವಳಲ್ಲ.

ಅವಳ ದೃಷ್ಟಿ ಮೀನುಪೆಟ್ಟಿಗೆಯ ಕಡೆ ಹೋಯಿತು. ಬಾಯಿಗೆ ಹಾಕಲಾರದ ನೀರು, ಆದರೆ ಉಪ್ಪಿಲ್ಲದ ನೀರು. ಆ ದಾರಿಯಲ್ಲಿ ಹೋದರೆ ನಾಲಗೆ ತಿರಸ್ಕರಿಸುವುದಿಲ್ಲ, ಹೊಟ್ಟೆ ತೊಳಸುವುದಿಲ್ಲ. ಕ್ಯಾನಿನ ಒಳ್ಳೆಯ ನೀರು ಕುಡಿಯಬಲ್ಲವರಿಗೆ ಉಳಿಯುತ್ತದೆ. ಆದರೆ ಆ ಕೊಳೆಯಿಂದಲೇ ಅವನು ಸತ್ತರೆ? ಹಿತೇಶನಿಗೆ ಏನು ಹೇಳುವುದು? ನಿನ್ನ ಅಣ್ಣನಿಗೆ ನಾನು ಹೀಗೆ ಮಾಡಿದೆ, ಆಮೇಲೆ ಅವನು ಸತ್ತ ಎಂದೇ?

"ದೂಜಣ್ಣ, ಒಂದು ಸಪೂರದ ಪೈಪು ಬೇಕು. ಪೆಟ್ರೋಲಿನದ್ದು ಬೇಡ."

ದೂಜ ಎಂಜಿನ್ನಿನಿಂದ ತಣಿಸುವ ನೀರು ಹೊರಬರುವ ಸಣ್ಣ ರಬ್ಬರ್ ಪೈಪನ್ನು ಕೊಯ್ದು ಕೊಟ್ಟ. ಬಾಟಲಿಯ ತಳವನ್ನೂ ಕತ್ತರಿಸಿ ಕೊಟ್ಟ. ಅವನ ಬಾಯಲ್ಲಿ ಮಲ್ಪೆಯ ಯಾರು ಯಾರದೋ ಹೆಸರುಗಳು ಬರುತ್ತಿದ್ದವು. ಅವಳು ಉಪಾಯವಾಗಿ ಚೂರಿಯನ್ನು ಅವನಿಂದ ತೆಗೆದುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿದಳು.

ಆಮೇಲೆ ಬಾವನ ಕಿವಿಯ ಹತ್ತಿರ ಬಗ್ಗಿ, ಏನು ಮಾಡಲಿದ್ದೇನೆ ಎಂದು ಒಂದೂ ಬಿಡದೆ ಹೇಳಿದಳು. ಅವನ ಕಣ್ಣು ತೆರೆಯಿತು. ಒಣಗಿ ಸೀಳಿದ ತುಟಿ ಅಲುಗಿತು.

"ಬೇಡ. ನೀನು ತಮ್ಮನ ಹೆಂಡತಿ."

"ವಾರ್ಡಿಗೆ ಬರುವ ಗಂಡಸರೆಲ್ಲ ಯಾರದಾದ್ರೂ ಬಾವನೇ, ಬಾವ."

"ಆ ಗಲೀಜು ನೀರು... ಸತ್ತರೂ ಬೇಡ."

"ಸಾಯುದು ಹೇಗೆ ಗೊತ್ತುಂಟಾ? ಇವತ್ತು ಸಂಜೆಗೆ ನಿಮಗೆ ನಾನು ಯಾರು ಅಂತ ಗೊತ್ತಾಗುದಿಲ್ಲ. ನಾಳೆ ನಿಮ್ಮನ್ನು ನಾನೂ ದೂಜಣ್ಣನೂ ಎತ್ತಿ ನೀರಿಗೆ ಹಾಕ್ಬೇಕು. ನನ್ನಿಂದ ಆಗುದಿಲ್ಲ ಬಾವ. ನನಗೆ ಹೆದರಿಕೆ ಆಗ್ತದೆ." ಇಷ್ಟು ದಿನ ಅವಳು ಆ ಮಾತನ್ನು ಯಾರೆದುರೂ ಆಡಿರಲಿಲ್ಲ.

ಅವನು ಅವಳನ್ನೇ ನೋಡಿದ. ಮದುವೆಯಾದಂದಿನಿಂದ ಒಮ್ಮೆಯೂ ಅಷ್ಟು ಹೊತ್ತು ನೋಡಿರಲಿಲ್ಲ. ಆಮೇಲೆ ಕಷ್ಟಪಟ್ಟು ಎಡಮಗ್ಗುಲಿಗೆ ತಿರುಗಿ, ತೋಳಿನಿಂದ ಮುಖ ಮುಚ್ಚಿಕೊಂಡ. "ಹೂಂ" ಎಂದ.

ಅವಳು ಪೆಟ್ಟಿಗೆಯ ನೀರನ್ನು ಸೆರಗಿನ ಮೂರು ಪದರದಲ್ಲಿ ಸೋಸಿದಳು. ಪೂಜೆಗೆ ತಂದ ಎಳ್ಳೆಣ್ಣೆ ಸೀಸೆಯ ತಳದಲ್ಲಿ ಉಳಿದಿತ್ತು. ಪೈಪಿನ ಒಂದು ತುದಿಯನ್ನು ತಳ ಕತ್ತರಿಸಿದ ಬಾಟಲಿಯ ಬಾಯಿಗೆ ಬಿಗಿದು, ಇನ್ನೊಂದಕ್ಕೆ ಎಣ್ಣೆ ಹಚ್ಚಿದಳು. ದೂಜ ತನ್ನ ಮೇಲುವಸ್ತ್ರವನ್ನು ಎರಡು ಕೈಯಲ್ಲಿ ಅಡ್ಡ ಹಿಡಿದು ಮುಖ ತಿರುಗಿಸಿ ಕೂತ. ಸುತ್ತ ಒಂದು ಹಕ್ಕಿಯೂ ಇಲ್ಲದ ಆ ನೀರಿನಲ್ಲಿ ಯಾರ ಕಣ್ಣಿಗೆ ಆ ಪರದೆ ಎಂದು ಅವಳಿಗೆ ಅನ್ನಿಸಿತಾದರೂ ಬೇಡ ಎನ್ನಲಿಲ್ಲ. ಬಾಟಲಿಯನ್ನು ಎತ್ತರ ಹಿಡಿದರೆ ನೀರು ರಭಸಕ್ಕೆ ನುಗ್ಗಿ ಹೊರಗೇ ಬಂದುಬಿಡುತ್ತದೆ. ಆದ್ದರಿಂದ ಮೊಣಕೈಯಷ್ಟೇ ಎತ್ತರದಲ್ಲಿ ಹಿಡಿದು, ಸ್ವಲ್ಪ ಬಿಟ್ಟು, ಪೈಪನ್ನು ಮಡಚಿ ನಿಲ್ಲಿಸಿ, ಮತ್ತೆ ಸ್ವಲ್ಪ ಬಿಟ್ಟು, ದೋಣಿ ತೂಗಿದಾಗಲೆಲ್ಲ ಕಾದು, ಲೋಟದಷ್ಟು ಇಳಿಯುವಾಗ ಅವಳ ಭುಜ ಕಳಚಿ ಬೀಳುವಂತಾಯಿತು. ದೇವಾನಂದನ ಕಿವಿಯ ಹಿಂದಿನ ನರ ಬಡಿದುಕೊಳ್ಳುತ್ತಿತ್ತು.

ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಸಂಜೆಗೆ ಮತ್ತೊಮ್ಮೆ ಕೊಟ್ಟಳು. ಕತ್ತಲಲ್ಲಿ ಅವಳು ಅವನ ಮಣಿಕಟ್ಟು ಹಿಡಿದೇ ಕೂತಿದ್ದಳು, ನಾಡಿ ಜಾರಿಹೋದರೆ ತಿಳಿಯಲಿ ಎಂದು.

ಬೆಳಕಾದಾಗ ನಾಡಿ ಬೆರಳಿಗೆ ಸ್ವಲ್ಪ ತುಂಬಿಕೊಂಡಂತೆ ಸಿಕ್ಕಿತು. ಅವಳಿಗೆ ನಂಬಿಕೆ ಬರಲಿಲ್ಲ, ಕುತ್ತಿಗೆಯಲ್ಲೂ ನೋಡಿದಳು. ನಿಜ. ಅವಳು ಅವಸರದಿಂದ ಮತ್ತೆ ನೀರು ಸೋಸಿ ಬಾಟಲಿ ಹಿಡಿದಳು. ಪೈಪಿನಲ್ಲಿ ನೀರು ಇಳಿಯುತ್ತಿದ್ದಾಗ ಹಿಂದಿನಿಂದ ದೂಜನ ಸ್ವರ ಕೇಳಿಸಿತು. ಸುಸ್ತಿಲ್ಲದ, ಖುಷಿಯ ಸ್ವರ.

"ಬಂತು ಸಿಸ್ಟರ್. ಇಳಿಯಿರಿ, ಸೊಂಟದವರೆಗೆ ನೀರು ಅಷ್ಟೆ. ಅಲ್ಲಿ ನೋಡಿ, ನಮ್ಮ ಮನೆಯ ಅಂಗಳದಲ್ಲಿ ಮೀನು ಒಣಗಿಸಿದ್ದಾರೆ."

ಅವಳು ತಿರುಗಿದಳು. ದೂಜ ಎದ್ದು ನಿಂತು ಒಂದು ಕಾಲನ್ನು ದೋಣಿಯ ಆಚೆ ಹಾಕಿದ್ದ.

"ದೂಜಣ್ಣ, ಕೂತ್ಕೊಳ್ಳಿ! ಅಲ್ಲಿ ಏನೂ ಇಲ್ಲ!"

"ನೀವು ಬನ್ನಿ, ನಾನು ಹೋಗಿ ಚಾ ಮಾಡ್ಲಿಕ್ಕೆ ಹೇಳ್ತೇನೆ."

ಅವಳು ಬಾಟಲಿ ಬಿಟ್ಟು ಹಾರಿದಳು. ಕೈಗೆ ಅವನ ಲುಂಗಿಯ ಅಂಚು ಸಿಕ್ಕಿತು, ಎರಡೂ ಕೈಯಲ್ಲಿ ಹಿಡಿದಳು, ಕಾಲನ್ನು ದೋಣಿಯ ಬದಿಗೆ ಊರಿದಳು. ಅವನು ಮೆಟ್ಟಿಲಿಳಿಯುವವನಂತೆ ಕೆಳಗಿಳಿದ. ಲುಂಗಿ ಅವಳ ಕೈಯಲ್ಲಿ ಉಳಿಯಿತು.

ನೀರಿನಿಂದ ಮೇಲೆ ಬಂದಾಗ ಅವನ ಮುಖದಲ್ಲಿ ಆಶ್ಚರ್ಯವಿತ್ತು. ಒಂದೆರಡು ಸಲ ಕೈ ಬೀಸಿದ. ದೋಣಿಯನ್ನು ಗಾಳಿ ಎಳೆದುಕೊಂಡು ಹೋಗುತ್ತಿತ್ತು, ಅವನನ್ನಲ್ಲ. ಅವಳು ಲಂಗರಿನ ತುಂಡು ಹಗ್ಗ ಎಸೆದಳು. ಅದು ಅರ್ಧಕ್ಕೇ ಬಿತ್ತು. ಹುಟ್ಟನ್ನು ಎಸೆದಳು. ಹೆಸರು ಹಿಡಿದು ಕೂಗಿದಳು, ಕೂಗುತ್ತಲೇ ಇದ್ದಳು. ಅವನು ಅವಳ ಕಡೆ ನೋಡಲಿಲ್ಲ, ಊರು ಕಂಡ ಕಡೆಗೇ ಈಜುತ್ತಿದ್ದ. ಅಲೆಗಳ ನಡುವೆ ನರೆತ ತಲೆ ಕಂಡಿತು, ಮತ್ತೆ ಕಂಡಿತು, ಆಮೇಲೆ ಅದು ತಲೆಯೋ ನೀರಿನ ನೊರೆಯೋ ತಿಳಿಯಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವಳಿಗೆ ಬಾವನ ನೆನಪಾಯಿತು. ಪೈಪು ಜಾರಿಬಿದ್ದು ನೀರು ಚೆಲ್ಲಿತ್ತು. ದೇವಾನಂದ ತಲೆ ಎತ್ತಿ ದೂಜ ಹೋದ ಕಡೆ ನೋಡುತ್ತಿದ್ದ. ಎಲ್ಲವನ್ನೂ ಅವನು ಕಂಡಿದ್ದ.

"ನಾನು ಹಿಡಿದೆ ಬಾವ. ಹಿಡಿದಿದ್ದೆ" ಎಂದಳು ಅವಳು. ಲುಂಗಿ ಇನ್ನೂ ಕೈಯಲ್ಲೇ ಇತ್ತು.

ಅವನು ಅವಳ ಪಾದವನ್ನು ಮುಟ್ಟುವಷ್ಟು ಕೈ ಚಾಚಿ ಅಲ್ಲೇ ಇಟ್ಟ. ಬಿಸಿಲು ಏರಿತು. ಕೊನೆಗೆ ಅವನೇ ಹೇಳಿದ, "ಸೇವಂತಿ, ಪೆಟ್ಟಿಗೆಯಲ್ಲಿ ನೀರು ಉಂಟಾ?"

"ಉಂಟು."

"ಹಾಗಾದ್ರೆ ಕೊಡು. ಇನ್ನೊಬ್ಬರು ಹೋಗುದನ್ನು ನೀನು ನೋಡುದು ಬೇಡ."

ಅಡ್ಡ ಹಿಡಿಯಲು ಈಗ ಯಾರೂ ಇರಲಿಲ್ಲ. ಅವನು ಮುಖವನ್ನೂ ಮುಚ್ಚಿಕೊಳ್ಳಲಿಲ್ಲ. ಅಂದು ಮೂರು ಸಲ ಕೊಟ್ಟಳು. ಇಳಿಬಿಸಿಲಿನಲ್ಲಿ ಅವನಿಗೆ ಮೂತ್ರ ಹೋಯಿತು, ಕಡುಬಣ್ಣದ ಸ್ವಲ್ಪವೇ ಸ್ವಲ್ಪ. ಸೇವಂತಿ ಮೊಣಕಾಲಿನ ಮೇಲೆ ಹಣೆಯಿಟ್ಟು ಅತ್ತಳು. ಕಣ್ಣೀರು ಬರಲಿಲ್ಲ, ಮೈ ಮಾತ್ರ ಅಲುಗಿತು.

ಅದರ ಮೇಲೆ ದಿನಗಳ ಲೆಕ್ಕ ಅವಳಿಗೆ ನೆನಪಿಲ್ಲ. ಪೆಟ್ಟಿಗೆಯ ನೀರು ಕಪ್ಪಗಾಗಿ ಮುಚ್ಚಳವಿಲ್ಲದೆ ನಾರುತ್ತಿತ್ತು, ಅದರಲ್ಲಿ ಹುಳಗಳು ಕಂಡವು, ಸೋಸಿ ಕೊಟ್ಟಳು. ಒಮ್ಮೆ ಅವಳಿಗೂ ದಡ ಕಂಡಿತು. ತೆಂಗಿನ ಮರಗಳು, ಕೊಡ ಹಿಡಿದ ಹೆಂಗಸರು. ಅವಳು ಥಟ್ಟನೆ ದೂಜನ ಲುಂಗಿಯಿಂದ ತನ್ನ ಸೊಂಟವನ್ನು ದೋಣಿಯ ಅಡ್ಡಪಟ್ಟಿಗೆ ಕಟ್ಟಿಕೊಂಡು, ಗಂಟಿನ ತುದಿಯನ್ನು ಬಾವನ ಕೈಗೆ ಕೊಟ್ಟಳು. "ನಾನು ಎಷ್ಟು ಕೇಳಿದ್ರೂ ಬಿಚ್ಚಬೇಡಿ" ಎಂದಳು. ಅವಳು ನಿಜವಾಗಿಯೂ ಕೇಳಿದಳು. ಬೈದಳು, ಬೇಡಿಕೊಂಡಳು, ಕಚ್ಚಲು ಹೋದಳು. ಎದ್ದು ಕೂರಲಾರದ ದೇವಾನಂದ ಗಂಟನ್ನು ಮೈಯಡಿಗೆ ಹಾಕಿಕೊಂಡು ಮಲಗಿ, "ಇಲ್ಲ ಸೇವಂತಿ, ಅಲ್ಲಿ ಏನೂ ಇಲ್ಲ" ಎಂದು ಹೇಳುತ್ತಲೇ ಇದ್ದ.

ಅವರನ್ನು ಕಂಡದ್ದು ರತ್ನಾಗಿರಿ ಕಡೆಯ ಒಂದು ಮೀನುಗಾರಿಕೆ ಟ್ರಾಲರ್. ಅದರಿಂದ ಇಳಿದ ಕಲಾಸಿಯೊಬ್ಬ ಮೊದಲು ದೋಣಿಯ ವಾಸನೆಗೆ ಮೂಗು ಮುಚ್ಚಿಕೊಂಡನಂತೆ, ಒಳಗಿರುವವರು ಸತ್ತಿದ್ದಾರೆ ಎಂದುಕೊಂಡನಂತೆ. ಗಂಟನ್ನು ಚೂರಿಯಿಂದ ಕೊಯ್ಯಬೇಕಾಯಿತು. 'ಸೋಡ್, ಸೋಡ್', ಬಿಡು ಬಿಡು ಎಂದು ಅವನು ಎಷ್ಟು ಹೇಳಿದರೂ ದೇವಾನಂದ ಬಿಡಲಿಲ್ಲವಂತೆ.

ಪರೇಲ್‌ನಲ್ಲಿ ಸೇವಂತಿ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಇಟ್ಟರು. ದೇವಾನಂದನಿಗೆ ಜ್ವರ ಬಂತು, ಕರುಳಿನ ಸೋಂಕಿಗೆ ಔಷಧಿ ನಡೆಯಿತು, ಮೂತ್ರಪಿಂಡಗಳು ಸಾವಕಾಶವಾಗಿ ಸುಧಾರಿಸಿದವು. ಹಿತೇಶ್ ದೋಹಾದಿಂದ ಓಡಿಬಂದ. ಸಾಂತಾಕ್ರೂಜ್‌ನಿಂದ ಹೋಟೆಲಿನವರು, ಊರಿನ ಸಂಘದವರು ಬಂದರು. ನೀರಿಲ್ಲದೆ ಹೇಗೆ ಬದುಕಿದಿರಿ ಎಂದು ಎಲ್ಲರೂ ಕೇಳುವವರೇ. "ಮಳೆ ಬಂತು" ಎನ್ನುತ್ತಿದ್ದಳು ಸೇವಂತಿ. ಹೇಳುವುದಾದರೆ ಬಾವ ಹೇಳಲಿ, ಇಲ್ಲವಾದರೆ ಬೇಡ ಎಂದು ಅವಳು ಮನಸ್ಸಿನಲ್ಲೇ ನಿರ್ಧರಿಸಿದ್ದಳು.

ಒಂದು ಮಧ್ಯಾಹ್ನ ದೂಜನ ಹೆಂಡತಿ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಸೇವಂತಿಯ ಮಂಚದ ಕಬ್ಬಿಣ ಹಿಡಿದುಕೊಂಡು ಕೇಳಿದಳು, "ಹೋಗುವಾಗ ಅವರ ಬಾಯಿಗೆ ನೀರು ಬಿದ್ದಿತ್ತಾ?"

"ಮಳೆ ಬಂದ ದಿನ ಒಂದು ಬಾಟಲಿ ಪೂರ್ತಿ ಕುಡಿದ್ರು ಅಕ್ಕ. ನಕ್ಕರು."

"ಮತ್ತೆ?"

ಸೇವಂತಿ ಬಾವನ ಕಡೆ ನೋಡಿದಳು. ಪಕ್ಕದ ಮಂಚದಿಂದ ದೇವಾನಂದ ಮಾತಾಡಿದ. ದೂಜ ಪೈಪು ಕೊಯ್ದು ಕೊಟ್ಟದ್ದು, ಬಟ್ಟೆ ಅಡ್ಡ ಹಿಡಿದದ್ದು, ಮೀನುಪೆಟ್ಟಿಗೆಯ ಕೊಳೆತ ನೀರು ಯಾವ ದಾರಿಯಿಂದ ತನ್ನ ಮೈಗೆ ಹೋಯಿತು, ಯಾರು ಕೊಟ್ಟರು ಎಂಬುದೆಲ್ಲವನ್ನೂ ಹೇಳಿದ. ಹಿತೇಶ್ ಅಲ್ಲೇ ಇದ್ದ, ದೇವಾನಂದನ ಹೆಂಡತಿ ಇದ್ದಳು, ಸಂಘದ ಇಬ್ಬರು ಹಿರಿಯರೂ ಇದ್ದರು. ಒಬ್ಬರು ನೆಲ ನೋಡಿದರು. ದೇವಾನಂದ ಸ್ವರ ತಗ್ಗಿಸಲಿಲ್ಲ. "ನಿಮ್ಮ ಗಂಡ ತಲೆ ಕೆಟ್ಟ ಮೇಲೂ ನನ್ನ ಮಾನ ಕಾದರು. ನನ್ನನ್ನು ಉಳಿಸುವ ಹೊತ್ತಿಗೇ ಅವರು ಹೋದರು. ಇವಳಿಗೆ ಇದ್ದದ್ದು ಎರಡೇ ಕೈ."

ದೂಜನ ಹೆಂಡತಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ಸೇವಂತಿಯ ಎರಡೂ ಕೈಗಳನ್ನು ಹಿಡಿದು, ಅಂಗೈಯನ್ನು ಮೇಲೆ ಮಾಡಿ, ಏನನ್ನೋ ಹುಡುಕುವವಳಂತೆ ನೋಡಿ, ಮೆಲ್ಲನೆ ಬಿಟ್ಟಳು.

ಶವ ಸಿಗಲಿಲ್ಲ. ಕೆಲವು ವಾರಗಳ ಮೇಲೆ ವರ್ಸೋವಾದವರು ದೋಣಿ ಮಾಡಿಕೊಂಡು ದೂಜನ ಹೆಸರಿನಲ್ಲಿ ಹೂವು ಬಿಡಲು ಹೊರಟರು. ಸೇವಂತಿಯೂ ದೇವಾನಂದನೂ ಜೆಟ್ಟಿಗೆ ಹೋದರು. ಬೆಳಗಿನ ಹೊತ್ತು, ಕಡಲು ಬಹಳ ಶಾಂತವಾಗಿತ್ತು. ದೂಜನ ಹೆಂಡತಿ ಹತ್ತಿದಳು, ಅವಳ ಕಡೆಯವರು ಹತ್ತಿದರು, ದೇವಾನಂದನೂ ಯಾರದೋ ಭುಜ ಹಿಡಿದು ಹತ್ತಿ ಕೂತ. ಸೇವಂತಿ ಜೆಟ್ಟಿಯ ಅಂಚಿಗೆ ಬಂದು ನಿಂತಳು. ಒಂದು ಹೆಜ್ಜೆ ಅಷ್ಟೆ. ದೋಣಿಯ ಬದಿಗೆ ನೀರು ಚಪ್ಪರಿಸುವ ಸದ್ದು ಕೇಳಿಸಿತು, ಅವಳ ಬಾಯಿ ಒಣಗಿತು, ಕಾಲು ಏಳಲಿಲ್ಲ. ಯಾರೋ ಕೈ ನೀಡಿದರು, ಇನ್ನಾರೋ "ಆವೋ ಭಾಬಿ, ಕುಛ್ ನಹೀ ಹೋಗಾ" ಎಂದು, ಏನೂ ಆಗದು ಎಂದು ಧೈರ್ಯ ಹೇಳಿದರು. ಅವಳು ತಲೆಯಾಡಿಸುತ್ತ ಹಿಂದೆ ಸರಿದಳು.

ದೇವಾನಂದ ದೋಣಿಯಿಂದ ಎದ್ದು ತಡವರಿಸುತ್ತ ಇಳಿದು ಬಂದ. ಅವನ ಹಣೆಯಲ್ಲೂ ಬೆವರು ಸುರಿಯುತ್ತಿತ್ತು.

"ಅವರು ಹೋಗಿ ಬರ್ಲಿ" ಎಂದ. "ನಾವು ಇಲ್ಲಿ ನಿಲ್ಲುವ."

ದೋಣಿ ಖಾಡಿಯ ಬಾಯಿ ದಾಟಿತು. ಇಬ್ಬರೂ ಅದು ಮರಳಿ ಬರುವವರೆಗೆ ಕಣ್ಣು ಕದಲಿಸದೆ ಪಕ್ಕಪಕ್ಕದಲ್ಲಿ ನಿಂತೇ ಇದ್ದರು.